ಮಾವನವರ ಎಡಕ್ಕೆ ಬಿಟ್ಟ ಜಾಗ

ದೀಪಾವಳಿ ಮುಗಿದು ಹೊಳೆಯ ನೀರು ತಿಳಿಯಾಗುವ ಹೊತ್ತಿಗೆ ನಮ್ಮ ಅತ್ತೆ ದಂಡೆ ಅಳೆಯಲು ಹೋಗುತ್ತಿದ್ದರು. ಟೇಪಿಲ್ಲ, ಹಗ್ಗವಿಲ್ಲ. ಮಾವನವರ ಗದ್ದಿಗೆಯ ಎಡಗಡೆಯ ಕಲ್ಲಿಗೆ ಬೆನ್ನು ಮಾಡಿ ನಿಂತು, ಚಪ್ಪಲಿ ಕಳಚಿ, ಒಂದು ಪಾದದ ಬೆರಳಿಗೆ ಇನ್ನೊಂದು ಪಾದದ ಹಿಮ್ಮಡಿ ಹಚ್ಚುತ್ತ ಹೊಳೆಯ ಅಂಚಿನವರೆಗೆ ಹೋಗುವುದು, ಅಷ್ಟೇ. ನಾನು ಹಿಂದಿನಿಂದ ಅವರ ಸೆರಗು ಹಿಡಿದುಕೊಂಡು ನಡೆಯಬೇಕು. ಯಾಕೆಂದರೆ ಕೊನೆಯ ಪಾದಗಳನ್ನು ಅವರು ಅಂಚನ್ನು ನೋಡದೆ ತಮ್ಮ ಕಾಲುಂಗುರದ ಗುರುತು ಬಿದ್ದ ಬೆರಳನ್ನೇ ನೋಡುತ್ತ ಇಡುತ್ತಿದ್ದರು.

ನಾವಿರುವುದು ಚಿತ್ತಾಪುರದಲ್ಲಿ. ಹೊಲ ಕಾಗಿಣಾ ಹೊಳೆಯ ದಂಡೆಗೆ, ಸ್ಕೂಟರಿನಲ್ಲಿ ಅರ್ಧ ತಾಸಿನ ದಾರಿ. ನಮ್ಮಲ್ಲಿ ಸತ್ತವರನ್ನು ಮಣ್ಣು ಮಾಡುತ್ತಾರೆ, ಹೊಲವಿದ್ದವರು ಸ್ವಂತ ಹೊಲದಲ್ಲಿ. ನಾನು ಸೊಸೆಯಾಗಿ ಬರುವುದಕ್ಕೆ ಎರಡು ವರ್ಷ ಮುಂಚೆ ಮಾವನವರು ಹೋದರು. ದಂಡೆಯ ಮೇಲಿನ ದೊಡ್ಡ ಬೇವಿನ ಗಿಡದ ಕೆಳಗೆ ಅವರ ಗದ್ದಿಗೆ. ಹೆಂಡತಿಗೆ ಗಂಡನ ಎಡಕ್ಕೆ ಜಾಗ ಬಿಡುವುದು ಪದ್ಧತಿ, ಬಿಟ್ಟಿದ್ದರು. ಆ ಎಡಗಡೆಯೇ ಹೊಳೆಯ ಕಡೆ ಆಗಿತ್ತು. ಆಗ ಯಾರಿಗೂ ಅದು ಯೋಚನೆ ಮಾಡುವ ಮಾತು ಅನ್ನಿಸಿರಲಿಲ್ಲ. ಹೊಳೆ ಅಷ್ಟು ದೂರವಿತ್ತು.

ನಾನು ಬಂದ ವರ್ಷ ಅತ್ತೆಯ ಲೆಕ್ಕ ನೂರಾ ನಲವತ್ತು ಪಾದ. ನನಗೆ ಅದೊಂದು ವ್ರತದಂತೆ ಕಂಡಿತ್ತು. ಎಂಟು ವರ್ಷದಲ್ಲಿ ಅರವತ್ತಕ್ಕೆ ಬಂದಾಗಲೂ ಮನೆಯಲ್ಲಿ ಯಾರೂ ಅದರ ಮಾತೆತ್ತಲಿಲ್ಲ. ಅತ್ತೆ ಮಾತ್ರ ಸ್ಕೂಟರಿನ ಹಿಂದೆ ಕೂತು ಬರುವಾಗ, ತರಕಾರಿಯ ರೇಟು ಹೇಳುವ ದನಿಯಲ್ಲಿ ಹೇಳಿದರು: "ಅವರಕಿಂತ ಮದಲ ನನ್ನ ಜಾಗಾ ಹೋಗ್ತದ ನೋಡು."

ಹೊಳೆ ನಮ್ಮ ಹೊಲಕ್ಕೆ ಬಂದು ಕುದುರೆಯ ಲಾಳದ ಹಾಗೆ ತಿರುಗುತ್ತಿತ್ತು. ಲಾಳದ ಹೊರಬದಿಗೆ ನಾವು. ಒಳಬದಿಗೆ, ಆಚೆ ದಂಡೆಯ ಊರಿನ ಒಬ್ಬ ಮುಸ್ಲಿಂ ಹಿರಿಯರ ಹೊಲ. ನಾವೆಲ್ಲ ಚಾಚಾ ಅನ್ನುತ್ತೇವೆ. ಪ್ರತಿ ಮಳೆಗಾಲ ನಮ್ಮ ದಂಡೆ ಕುಸಿಯುತ್ತಿತ್ತು, ಅವರ ಕಡೆ ಹೊಸ ಮಣ್ಣು ಕೂಡುತ್ತಿತ್ತು. ಆ ಹೊಸ ಮಣ್ಣಿನಲ್ಲಿ ಅವರು ಸವತಿಕಾಯಿ, ಕಲ್ಲಂಗಡಿ ಹಾಕುತ್ತಿದ್ದರು. ಬೇಸಿಗೆಯಲ್ಲಿ ಮೊದಲ ಬುಟ್ಟಿ ಹೊತ್ತುಕೊಂಡು, ಮೊಣಕಾಲುದ್ದ ನೀರಿನಲ್ಲಿ ಹೊಳೆ ದಾಟಿ ನಮ್ಮ ಬೇವಿನ ಗಿಡದ ಕೆಳಗೆ ತಂದಿಡುವರು.

"ತಗೋರಿ ಅಕ್ಕಾರ. ನಿಮ್ಮ ಮಣ್ಣಿಂದೇ ಸವತಿಕಾಯಿ."

"ಸುಳ್ಳ ಹೇಳಬ್ಯಾಡ ತಮ್ಮಾ," ಅತ್ತೆ ಅನ್ನುವರು. "ಇದು ಮ್ಯಾಲಿನೋರ ಮಣ್ಣು. ನಮ್ಮ ಮಣ್ಣ ಆಗಲೇ ಶಹಾಬಾದ ಮುಟ್ಟ್ಯಾದ."

ಅತ್ತೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಆ ಮಾತು ಸರಿ ಇತ್ತು. ಹೊಳೆ ಒಂದು ತಿರುವಿನಲ್ಲಿ ಕಚ್ಚಿದ್ದನ್ನು ಎದುರಿಗೇ ಉಗುಳುವುದಿಲ್ಲ, ಹೆಚ್ಚಾಗಿ ಕೆಳಗಿನ ತಿರುವುಗಳ ಒಳಮಗ್ಗುಲಲ್ಲಿ ಬಿಡುತ್ತದೆ. ನನಗೆ ಇದು ಗೊತ್ತಿದ್ದದ್ದು ಪುಸ್ತಕದಿಂದ. ವಾಡಿಯ ರೈಲ್ವೆ ಕಾಲೋನಿಯಲ್ಲಿ ಬೆಳೆದ ನಾನು ಕಾನ್ವೆಂಟಿನಲ್ಲಿ ಓದಿದೆ. ಭೂಗೋಳ ಕಲಿಸುತ್ತಿದ್ದ ಸಿಸ್ಟರ್ ನದಿಯ ತಿರುವಿನ ಚಿತ್ರ ಬರೆಸಿದ್ದರು. ನಾನು ನೀಲಿ ಪೆನ್ಸಿಲನ್ನು ಬಹಳ ಚೆಂದ ತೀಡಿ, ಕೊರೆತದ ಗೆರೆಗಳನ್ನು ಮಾತ್ರ ಒಳಬದಿಗೆ ಹಾಕಿದ್ದೆ. ಸಿಸ್ಟರ್ ಅದನ್ನು ಮೂರು ಸಲ ತಿದ್ದಿ ಬರೆಸಿದರು. ಮೂರನೆಯ ಸಲಕ್ಕೆ ಲಾಳದ ಎರಡು ತುದಿ ಸೇರುವ ಇಕ್ಕಟ್ಟಿನ ಜಾಗಕ್ಕೆ ಬೆರಳಿಟ್ಟು, ಇದು ಕುತ್ತಿಗೆ, ನದಿಗೆ ಸುತ್ತಿ ಸಾಕಾದಾಗ ಇಲ್ಲಿಂದ ನೆಟ್ಟಗೆ ಹೋಗುತ್ತದೆ ಎಂದಿದ್ದರು. ಪರೀಕ್ಷೆ ಮುಗಿಯಿತು, ನಾನು ಮರೆತೆ.

ನಮ್ಮ ಯಜಮಾನರಿಗೆ ವಾಡಿ ರಸ್ತೆಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಸಣ್ಣದೊಂದು ಪಾಲಿಶ್ ಅಂಗಡಿ ಇದೆ. ಶಹಾಬಾದ ಕಲ್ಲಿನ ಸೀಮೆಯವರಿಗೆ ಎಲ್ಲ ತೊಂದರೆಗೂ ಫರಸಿಯೇ ಉತ್ತರ. ನೆಲಕ್ಕೆ ಫರಸಿ, ಗೋಡೆಗೆ ಫರಸಿ, ದನದ ಕೊಟ್ಟಿಗೆಗೆ ಫರಸಿ, ಸೂರಿಗೂ ಫರಸಿ. ಹೊಳೆಗೆ ಯಾಕಾಗಬಾರದು? ಅಳತೆ ನಲವತ್ತೈದಕ್ಕೆ ಇಳಿದ ವರ್ಷ ಇವರು ಎರಡು ಟ್ರ್ಯಾಕ್ಟರ್ ಫರಸಿ ತರಿಸಿದರು. ದಂಡೆಯನ್ನು ಸಮ ಕಡಿಸಿ, ಕಲ್ಲುಗಳನ್ನು ನೆಟ್ಟಗೆ ನಿಲ್ಲಿಸಿ, ಸಂದಿಗೆ ಸಿಮೆಂಟು ತುಂಬಿಸಿ, ಬಚ್ಚಲ ಗೋಡೆಯಂತೆ ನುಣ್ಣಗೆ ಮಾಡಿಸಿದರು. ಬೇವಿನ ಬೇರು, ಜಾಲಿ, ಆಪು ಹುಲ್ಲು ಎಲ್ಲ ಕಿತ್ತು ಹಾಕಿದ್ದರು, ಅಡ್ಡ ಬರುತ್ತವೆ ಎಂದು. ಮುಗಿದ ದಿನ ಕಲ್ಲಿನ ಮೇಲೆ ಅಂಗೈ ಆಡಿಸಿ ತೋರಿಸಿದರು. ನಿಜವಾಗಿಯೂ ಚೆಂದ ಕಾಣುತ್ತಿತ್ತು.

ಆಚೆ ದಂಡೆಯಿಂದ ಚಾಚಾ ಕೂಗಿ ಹೇಳಿದರು: "ಹೊಳಿಗೆ ಜಾರಬಂಡಿ ಮಾಡಿ ಕೊಟ್ರಿ ನೋಡ್ರಿ."

ಹಾಗೇ ಆಯಿತು. ಹುಲ್ಲು ಬೇರುಗಳಿಗೆ ತಡವರಿಸಿಕೊಂಡು ಹೋಗುತ್ತಿದ್ದ ನೀರು ನುಣುಪು ಕಲ್ಲಿಗೆ ಇನ್ನೂ ಜೋರಾಗಿ ಓಡಿತು. ಕೆಳಗಿನ ಮಣ್ಣು ಕೊರೆಯಿತು. ಆ ಮಳೆಗಾಲದಲ್ಲೇ ಕಲ್ಲುಗಳು ಒಂದೊಂದಾಗಿ ಮುಂದಕ್ಕೆ ವಾಲಿ ನೀರಿನಲ್ಲಿ ಮಲಗಿದವು, ಹಿಂದಿನ ದಂಡೆಯನ್ನೂ ಎಳೆದುಕೊಂಡು. ದೀಪಾವಳಿಗೆ ಅತ್ತೆ ಅಳೆದರು. ಇಪ್ಪತ್ತಮೂರು. ಇವರು ಗಿಡದ ಕೆಳಗೆ ಕೂತು ನೆಲ ನೋಡುತ್ತಿದ್ದರು. ಅತ್ತೆ ಮಗನ ಬೆನ್ನ ಮೇಲೆ ಕೈಯಿಟ್ಟು, "ಬಿಡಪ್ಪ. ನಿಮ್ಮಪ್ಪನ ಕಾಲದಾಗ ಇಂಥಾ ಫರಸಿ ಮನ್ಯಾಗೂ ಇರಲಿಲ್ಲ," ಅಂದರು.

ಆ ಚಳಿಗಾಲದಲ್ಲಿ ಒಂದು ದಿನ ಅಂಗಳದ ಮಲ್ಲಿಗೆ ಕುಂಡದ ಮಣ್ಣು ಸಡಿಲು ಮಾಡುತ್ತಿದ್ದೆ. ಕೈಗೆ ಏನೋ ಬೆಳ್ಳಗೆ ಹತ್ತಿತು. ಸುಣ್ಣ ಅಂದುಕೊಂಡೆ. ಇನ್ನಷ್ಟು ಕೆದಕಿದೆ. ಒಂಬತ್ತು ಗುಳಿಗೆ. ಕೆಲವು ಕರಗಿ ಹಿಟ್ಟಾಗಿದ್ದವು, ಮೂರು ಇನ್ನೂ ಗಟ್ಟಿ ಇದ್ದವು, ನಡುವಿನ ಗೆರೆ ಕಾಣುವ ಹಾಗೆ. ಅತ್ತೆಯ ಬಿಪಿ ಗುಳಿಗೆ. ದಿನಾ ಮುಂಜಾನೆ ನಾನೇ ಬಿಡಿಸಿ ಅವರ ಅಂಗೈಗೆ ಹಾಕುತ್ತಿದ್ದದ್ದು. ಅವರು ನೀರಿನ ಲೋಟ ಹಿಡಿದುಕೊಂಡು ಅಂಗಳಕ್ಕೆ ಹೋಗುತ್ತಿದ್ದರು, ಬಿಸಿಲಿಗೆ ಮೈ ಕಾಯಿಸಲು ಎಂದು.

ಒಳಗೆ ಹೋಗಿ ಅವರ ಮುಂದೆ ಅಂಗೈ ಬಿಚ್ಚಿದೆ.

"ಸಿಕ್ಕವೇನ?" ಅಂದರು. ಗಾಬರಿಯಾಗಲಿಲ್ಲ. ಹುಣಸೆಹಣ್ಣಿನ ಬೀಜ ಬಿಡಿಸುತ್ತಲೇ ಇದ್ದರು.

"ಯಾಕ್ರಿ ಅತ್ತಿ?"

"ಇಪ್ಪತ್ತಮೂರು ಪಾದ ಅವ. ನನ್ನ ಹೂಳೋ ತಗ್ಗಿಗೆ ಆರು ಬೇಕು. ಈಗೀಗ ಒಂದೊಂದು ಮಳಿಗಾಲಕ್ಕ ಹದಿನೈದು ಇಪ್ಪತ್ತು ಹೊಂಟಾವ. ನೀನು ಓದಿದಾಕಿ, ಲೆಕ್ಕಾ ಮಾಡು." ಒಂದು ಬೀಜ ಬೇರೆ ಇಟ್ಟರು. "ಗುಳಗಿ ನುಂಗಿ ಹತ್ತು ವರ್ಷ ಬದುಕಿ, ಎಲ್ಲೋ ಸ್ಮಶಾನದ ಮೂಲ್ಯಾಗ ಒಬ್ಬಾಕಿ ಮಲಗಲೇನು? ಜಾಗಾ ಇರೋದರಾಗ ಹೋಗಬೇಕು ಯವ್ವಾ. ಮಗಗ ಹೇಳಬ್ಯಾಡ."

ನಾನು ಹೇಳಲಿಲ್ಲ. ಫರಸಿ ಬಿದ್ದ ಮೇಲೆ ಇವರು ಊಟದಲ್ಲಿ ಅರ್ಧಕ್ಕೇ ಕೈ ತೊಳೆಯುತ್ತಿದ್ದರು, ಅದನ್ನು ನಾನು ನೋಡುತ್ತಿದ್ದೆ. ಮರುದಿನದಿಂದ ಗುಳಿಗೆ ಕೊಟ್ಟು ಎದುರಿಗೇ ನಿಂತೆ. ನುಂಗಿದ ಮೇಲೆ, "ಬಾಯಿ ತೆರೀರಿ," ಅಂದೆ.

"ಕಾನ್ವೆಂಟ್ ಸಾಲಿ ಚಾಲೂ ಮಾಡೀಯೇನು ಮನ್ಯಾಗ?" ಅಂದರು. ತೆರೆದರು. ಗುಳಿಗೆ ನಾಲಿಗೆಯ ಕೆಳಗಿತ್ತು. ಹೀಗೆ ನಾಲ್ಕು ದಿನ ನಡೆಯಿತು. ಒಬ್ಬ ಮನುಷ್ಯನಿಗೆ ಬದುಕಿರಬೇಕು ಅನ್ನಿಸದಿದ್ದರೆ ಸೊಸೆ ಎಷ್ಟು ದಿನ ಬಾಯಿ ತೆರೆಸಿ ನೋಡಿಯಾಳು?

ಐದನೆಯ ದಿನ ತೊಗರಿ ಬೇಳೆ ತೊಳೆಯಲು ಬೋಗುಣಿಯಲ್ಲಿ ನೀರು ಹಾಕಿ ಕೈಯಿಂದ ಗರಗರ ತಿರುವಿ ಬಿಟ್ಟೆ. ನೀರು ಹೊರ ಅಂಚಿನಲ್ಲಿ ಏರಿ ಓಡುತ್ತಿತ್ತು. ಬೇಳೆಯೂ ಕೆಳಗಿನ ಕಸವೂ ಮಾತ್ರ ಮೆಲ್ಲಗೆ ನಡುವಿಗೆ ಸರಿದು ಗುಡ್ಡೆಯಾದವು. ಇಷ್ಟು ವರ್ಷ ದಿನಾ ನೋಡಿದ್ದೇ. ಅವತ್ತು ಕೈ ಅಲ್ಲಿಯೇ ನಿಂತಿತು. ಮೇಲಿನ ನೀರು ಹೊರಗೆ ಬಡಿಯುತ್ತದೆ, ತಳದ ನೀರು ಒಳಗೆ ನುಸುಳುತ್ತದೆ, ನುಸುಳುವಾಗ ಸಿಕ್ಕಿದ್ದನ್ನು ಒಳಗೆ ಕೂಡಿಸುತ್ತದೆ. ನಮ್ಮ ದಂಡೆ ಬೋಗುಣಿಯ ಅಂಚು, ಚಾಚಾನ ಸವತಿಕಾಯಿ ಹೊಲ ನಡುವಿನ ಗುಡ್ಡೆ. ಅತ್ತೆಯನ್ನು ಕರೆದು ತೋರಿಸಿದೆ.

"ಹೊಳಿಗೆ ನಮ್ಮ ಮ್ಯಾಲ ಸಿಟ್ಟಿಲ್ಲ ಅಂದಂಗಾತು," ಅಂದರು. ಸ್ವಲ್ಪ ಹೊತ್ತು ನೋಡಿ, ತಾವೇ ಒಂದು ಸಲ ತಿರುವಿದರು.

ಆಗ ಸಿಸ್ಟರ್ ಹೇಳಿದ ಕುತ್ತಿಗೆ ನೆನಪಾಯಿತು. ಲಾಳ ಉದ್ದವಾದಷ್ಟೂ ಕುತ್ತಿಗೆ ಸಣ್ಣಗಾಗುತ್ತದೆ, ಒಂದು ದೊಡ್ಡ ನೆರೆಗೆ ಹೊಳೆ ಅದನ್ನು ಹರಿದು ನೆಟ್ಟಗಾಗುತ್ತದೆ, ಸುತ್ತಿನ ದಾರಿ ಬಿಟ್ಟುಬಿಡುತ್ತದೆ ಎಂದು ಹೇಳಿದೆ.

"ನಿಮ್ಮ ಸಿಸ್ಟರ್ ಕಾಗಿಣಾ ನೋಡ್ಯಾರೇನು?"

"ಇಲ್ಲರಿ. ಆದ್ರ ಅತ್ತಿ, ನೀವು ಮ್ಯಾಲಿನ ಹೊಲಕ್ಕ ಹಳೇಹೊಳಿ ಹೊಲ ಅಂತೀರಲ್ಲ, ಅಲ್ಲಿ ಹೊಳಿ ಎಲ್ಲದ?"

"ಅಲ್ಲೆಲ್ಲಿ ಹೊಳಿ, ಅರ್ಧ ಮೈಲು ದೂರ ಅದ."

"ಮತ್ತ ಹೆಸರು?"

"ನಮ್ಮ ಅತ್ತಿ ಹಂಗ ಕರೀತಿದ್ದರು." ಕೈ ಬೇಳೆಯ ನೀರಿನಲ್ಲೇ ಇತ್ತು. ಆಮೇಲೆ ತಮಗೇ ಹೇಳಿಕೊಳ್ಳುವ ಹಾಗೆ, "ಆ ಹೊಲ ಕುಡಗೋಲಿನಂಗ ಬಾಗ್ಯಾದ. ಗಳೇ ಹೊಡದರ ಮಣ್ಣಾಗಿಂದ ಹೊಳಿ ಸಿಂಪಿ ಚಿಪ್ಪು ಮ್ಯಾಲ ಬರ್ತಾವ," ಅಂದರು.

ಅಂದರೆ ಹೊಳೆ ಹಿಂದೆಯೂ ಒಮ್ಮೆ ಒಂದು ಸುತ್ತನ್ನು ಅಲ್ಲಿ ಬಿಟ್ಟು ಬಂದಿತ್ತು. ಬಿಟ್ಟರೆ ಸಿಗದ ಸಮಯ ಎಂದು ನಾನು ಕೇಳಿಯೇ ಬಿಟ್ಟೆ: "ಬರೋ ದೀಪಾವಳಿ ತನಕ ಗುಳಗಿ ಖರೇನ ನುಂಗ್ರಿ. ಅಳೀರಿ. ಅವತ್ತೂ ಹೊಳಿ ಹಿಂಗ ಇದ್ದರ ನಾ ಬಾಯಿ ತೆರೀರಿ ಅನ್ನಂಗಿಲ್ಲ."

ಬೇಳೆಯ ನೀರು ಬಸಿದು, "ಆತು," ಅಂದರು. ಹೊಳೆ ಅಂಥ ಕೆಲಸಕ್ಕೆ ನೂರು ವರ್ಷ ತೆಗೆದುಕೊಂಡೀತು ಎಂದೂ ಅದೇ ಪುಸ್ತಕದಲ್ಲಿತ್ತು. ಅದನ್ನು ನಾನು ಅತ್ತೆಗೆ ಹೇಳಿರಲಿಲ್ಲ.

ಆ ಬೇಸಿಗೆಯಲ್ಲಿ ನಾನು ಕುತ್ತಿಗೆಯನ್ನು ನೋಡಲೆಂದೇ ಹೋದೆ. ನಮ್ಮ ಕಡೆಯ ಮೇಲಿನ ಹೊಲದವರು ಲಾಳ ಸುತ್ತುವ ಬದಲು ಹೊಳೆಗಿಳಿದು, ಚಾಚಾನ ಹೊಲದ ಕುತ್ತಿಗೆಯನ್ನು ಅಡ್ಡ ಹಾದು, ಮತ್ತೆ ಹೊಳೆಗಿಳಿದು ಈಚೆ ಬರುವ ಒಂದು ಬಂಡಿದಾರಿ ಅಲ್ಲಿತ್ತು. ಬಂಡಿ, ಆಮೇಲೆ ಟ್ರ್ಯಾಕ್ಟರ್ ಓಡಾಡಿ ದಾರಿ ಮೊಣಕಾಲುದ್ದ ತಗ್ಗಾಗಿತ್ತು. ಇಕ್ಕೆಲದ ಜಾಲಿಯ ಕಾಲಿಗೆ ತೊಗರಿ ಕಟ್ಟಿಗೆ, ಹುಲ್ಲು, ಒಂದು ಹರಿದ ಗೊಬ್ಬರದ ಚೀಲ ಸಿಕ್ಕಿಕೊಂಡಿದ್ದವು, ಎಲ್ಲವೂ ಒಂದೇ ಕಡೆಗೆ ಬಾಚಿದ ಕೂದಲಿನಂತೆ ಒರಗಿ. ಹೋದ ಮಳೆಗಾಲದಲ್ಲೇ ನೀರು ಈ ದಾರಿ ಹಿಡಿದು ನೋಡಿತ್ತು. ನಾನು ನಿಂತಲ್ಲಿಯೇ ನಕ್ಕೆ.

ಆಮೇಲೆ ನಗು ನಿಂತಿತು. ಈ ನೆಲ ಚಾಚಾನದು. ನಾನು ಬಯಸುತ್ತಿದ್ದದ್ದು ಅವರ ಹೊಲ ಹರಿದು ಹೋಗಲಿ ಎಂದು. ಎರಡು ವಾರ ಯಾರಿಗೂ ಹೇಳಲಿಲ್ಲ, ಅದು ನನ್ನ ತಪ್ಪು. ಸವತಿಕಾಯಿ ಬುಟ್ಟಿ ಬಂದ ದಿನ ತಡೆಯಲಾಗದೆ ಹೇಳಿದೆ: ಆ ಬಂಡಿದಾರಿಯ ತಗ್ಗು ತುಂಬಿಸಿ ಬಿಡ್ರಿ ಚಾಚಾ, ನೀರು ಅಲ್ಲಿಂದ ನುಗ್ಗೀತು.

"ಬೇಟಾ, ಟ್ರ್ಯಾಕ್ಟರ್ ಮತ್ತ ಎಲ್ಲಿಂದ ಹೋಗಬೇಕು?" ಎಂದು ಅವರು ನಕ್ಕರು. "ಹೊಳಿ ನಮ್ಮ ಅಪ್ಪನ ಕಾಲದಿಂದ ಸುತ್ತಾಕತ್ತದ. ಅದಕ್ಕ ರೂಢಿ ಆಗ್ಯಾದ."

ಅತ್ತೆ ನನ್ನ ಮುಖ ನೋಡಿದರು. ಚಾಚಾ ಹೋದ ಮೇಲೆ, "ಹೇಳಿದ್ದು ಚೊಲೋ ಆತು," ಅಂದರು.

ಮಳೆಗಾಲದಲ್ಲಿ ಚಿಂಚೋಳಿ ಕಡೆ, ಕುಂಚಾವರಂ ಅಡವಿಯಲ್ಲಿ ಎರಡು ದಿನ ಬಿಡದೆ ಸುರಿಯಿತು. ಅಲ್ಲಿ ಮಳೆಯಾದರೆ ನಮ್ಮ ಹೊಳೆ ಕೆಂಪಾಗುತ್ತದೆ. ನಮ್ಮದು ಕರಿ ಎರಿ ಮಣ್ಣು, ಅವರದು ಕೆಂಪು. ಸೇಡಂ ಕಡೆಯ ಸೇತುವೆ ಮುಳುಗಿತು, ಬಸ್ಸು ನಿಂತವು. ಇವರ ಫೋನಿಗೆ ಯಾರೋ ವಿಡಿಯೋ ಕಳಿಸಿದ್ದರು, ಎಲ್ಲೆಲ್ಲೂ ಕೆಂಪು ನೀರು, ಯಾವ ಗಿಡ ಯಾವುದೆಂದೇ ತಿಳಿಯಲಿಲ್ಲ. ಅತ್ತೆ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಬೇವಿನ ಗಿಡ ಹುಡುಕಿದರು. "ಇದೇನ? ಇದೇನ?" ಎಂದು ನಾಲ್ಕು ಕಡೆ ಬೆರಳಿಟ್ಟರು. ಐದು ದಿನ ಹೊಲದ ದಾರಿ ತೆರೆಯಲಿಲ್ಲ. ಐದೂ ದಿನ ಗುಳಿಗೆ ತೆಗೆದುಕೊಂಡರು, ಬಾಯಿ ತೆರೆದು ತೋರಿಸಿದರು, ಆದರೆ ಸರಿಯಾಗಿ ಉಣ್ಣಲಿಲ್ಲ. ರೊಟ್ಟಿಯನ್ನು ಮುರಿದು ಮುರಿದು ತಟ್ಟೆಯಲ್ಲೇ ಬಿಡುತ್ತಿದ್ದರು. ಗದ್ದಿಗೆಯೇ ಹೋಗಿದ್ದರೆ ನಾನು ಏನು ಹೇಳಬೇಕು ಎಂದು ಒಲೆಯ ಮುಂದೆ ನಿಂತು ಮಾತು ಹೊಂದಿಸುತ್ತಿದ್ದೆ. ಒಂದೂ ಹೊಂದಲಿಲ್ಲ.

ಆರನೆಯ ದಿನ ಮೂವರೂ ಹೋದೆವು. ಸ್ಕೂಟರು ಅರ್ಧ ದಾರಿಗೆ ಬಿಟ್ಟು ಕೆಸರಿನಲ್ಲಿ ನಡೆದೆವು. ಮೊದಲು ಕಂಡದ್ದು ಬೇವಿನ ಗಿಡ. ಆಮೇಲೆ ಗದ್ದಿಗೆ, ಹುಲ್ಲು ಕಸ ಮೆತ್ತಿಕೊಂಡು, ಇದ್ದಲ್ಲಿಯೇ ಇತ್ತು. ಆದರೆ ಏನೋ ಬೇರೆಯಾಗಿತ್ತು. ಸ್ವಲ್ಪ ಹೊತ್ತಿಗೆ ತಿಳಿಯಿತು. ಸಪ್ಪಳವಿರಲಿಲ್ಲ. ಇಷ್ಟು ವರ್ಷ ಆ ಗಿಡದ ಕೆಳಗೆ ಕೂತಾಗ ನೀರು ದಂಡೆಗೆ ಬಡಿಯುವ ಸದ್ದು ಕೇಳದ ದಿನವಿಲ್ಲ. ಅವತ್ತು ಹಕ್ಕಿ ಮಾತ್ರ.

ಅಂಚಿಗೆ ಹೋಗಿ ನೋಡಿದರೆ ಹೊಳೆಯ ಜಾಗದಲ್ಲಿ ಕೆಂಪು ಕೆಸರು, ನಡುವೆ ನಿಂತ ನೀರಿನ ಪಟ್ಟಿ. ಹೊಳೆ ದೂರದಲ್ಲಿ, ಲಾಳದ ಕುತ್ತಿಗೆಯಲ್ಲಿ, ಬಂಡಿದಾರಿ ಇದ್ದಲ್ಲಿ ನೆಟ್ಟಗೆ ಹರಿಯುತ್ತಿತ್ತು. ಅದರಾಚೆ ದಂಡೆಯಲ್ಲಿ ಚಾಚಾ ಒಬ್ಬರೇ, ಲುಂಗಿ ಎತ್ತಿಕಟ್ಟಿಕೊಂಡು ನಿಂತಿದ್ದರು.

ಇವರು ಅಲ್ಲಿಯೇ ಕುಕ್ಕರಿಸಿ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ನಾನು ಅವರ ಪಕ್ಕ ಕೂತೆ. ಅತ್ತೆ ಮಾತ್ರ ಆಚೆಯೇ ನೋಡುತ್ತಿದ್ದರು.

"ಅವನ ಹೊಲದಾಗ ಹೋಗ್ಯಾದ," ಅಂದರು.

ಚಾಚಾಗೆ ಕುತ್ತಿಗೆಯ ಅಷ್ಟೂ ಅಗಲ ಹೋಗಿತ್ತು. ಉಳಿದ ಸವತಿಕಾಯಿ ಹೊಲ ಈಗ ನಮ್ಮ ದಂಡೆಗೆ ಸೇರಿದಂತೆ ಈಚೆ ಬಿದ್ದಿತ್ತು. ವಾರದ ಮೇಲೆ ಅವರು ಸೇತುವೆ ಸುತ್ತಿ ನಮ್ಮ ಹೊಲಕ್ಕೆ ಬಂದರು. ಮುಖ ಸೋತಿತ್ತು, ನಾಲಿಗೆ ಸೋತಿರಲಿಲ್ಲ.

"ಅಕ್ಕಾರ, ಇಷ್ಟು ದಿನ ನಿಮ್ಮ ಮಣ್ಣಿನ ಸವತಿಕಾಯಿ ತಂದು ಕೊಡ್ತಿದ್ದೆ. ಈಗ ಹೊಲಾನ ನಿಮ್ಮ ಕಡಿ ತಂದು ಒಪ್ಪಿಸೀನಿ."

"ನಿನ್ನ ಹೊಲ ನಿಂದೇ," ಅತ್ತೆ ಅಂದರು. "ದಾರಿ ಇಲ್ಲಿಂದ, ಈ ಗಿಡದ ಬಲಕ್ಕ. ಟ್ರ್ಯಾಕ್ಟರೂ ತಗೊಂಡು ಬಾ. ಎಡಕ್ಕ ಮಾತ್ರ ಬರಬ್ಯಾಡ."

"ಎಡಕ್ಕ ಏನದ?"

"ನನ್ನ ಮನಿ."

ಚಾಚಾ ನಗಲಿಲ್ಲ. ತಲೆಯಾಡಿಸಿ ನನ್ನ ಕಡೆ ತಿರುಗಿ, "ನೀ ಹೇಳಿದ್ದಿ ಬೇಟಾ. ನಾನೇ ಕೇಳಲಿಲ್ಲ," ಅಂದರು. ಎರಡು ವಾರ ತಡ ಮಾಡಿ ಹೇಳಿದ್ದನ್ನು ನಾನು ಅವರಿಗೆ ಇವತ್ತಿಗೂ ಹೇಳಿಲ್ಲ. ನಮ್ಮ ಹೊಲದ ಬಲಬದಿಯಲ್ಲಿ ಎರಡು ಸಾಲು ತೊಗರಿ ಬಿಟ್ಟು ಅವರಿಗೆ ದಾರಿ ಮಾಡಿಕೊಟ್ಟಿದ್ದೇವೆ. ಹಿಂದಿನ ವರ್ಷ ಕುಸಿದಿದ್ದ ಫರಸಿಗಳನ್ನು ಈ ಸಲ ಎತ್ತಿಸಿ ಇವರು ಆ ದಾರಿಗೆ ಹಾಸಿಸಿದರು. ಕೊನೆಗೂ ಅವು ಮಲಗಬೇಕಾದ ಜಾಗದಲ್ಲಿ ಮಲಗಿದವು.

ದೀಪಾವಳಿ ಬಂತು. ಅತ್ತೆ ಎಂದಿನಂತೆ ಚಪ್ಪಲಿ ಕಳಚಿದರು. ನಾನು ಸೆರಗು ಹಿಡಿದೆ. ಇಪ್ಪತ್ತಮೂರು ಪಾದಕ್ಕೆ ಹಳೆಯ ಅಂಚು, ಅದು ಈಗ ಇಳಿಜಾರಾಗಿ ಹುಲ್ಲು ಹತ್ತಿತ್ತು. ಒಂದು ಕ್ಷಣ ನಿಂತು, ಕಾಲು ಇಳಿಸಿದರು. ಇಪ್ಪತ್ನಾಲ್ಕು. ಇಪ್ಪತ್ತೈದು. ಒಣಗಿ ಬಿರುಕು ಬಿಟ್ಟ ಕೆಂಪು ಮಣ್ಣು ಅವರ ಪಾದದ ಕೆಳಗೆ ಹಪ್ಪಳದಂತೆ ಮುರಿಯುತ್ತಿತ್ತು. ಎಪ್ಪತ್ತರ ಹತ್ತಿರ ಲೆಕ್ಕ ತಪ್ಪಿತೋ, ಸಾಕೆನಿಸಿತೋ, ಅಲ್ಲಿಯೇ ಕೂತುಬಿಟ್ಟರು. ಒಂದು ಹೆಂಟೆ ಎತ್ತಿ ಬೆರಳಲ್ಲಿ ಪುಡಿ ಮಾಡಿದರು.

"ಇದು ನಮ್ಮ ಚಿಂಚೋಳಿ ಮಣ್ಣು," ಅಂದರು. ಅದು ಅವರ ತವರು. "ಸಣ್ಣಾಕಿ ಇದ್ದಾಗ ಇದರಾಗ ಆಡೀನಿ. ಇಲ್ಲಿ ತನಕ ಬಂದದ ನೋಡು."

ಹೊಳೆ ಮುಂದೆ ಎಂದಾದರೂ ಮತ್ತೆ ಬಾಗುತ್ತದೆ, ಈ ಕಡೆಗೋ ಆ ಕಡೆಗೋ. ಅದು ನನಗೆ ಗೊತ್ತಿದೆ, ಈಗ ಅತ್ತೆಗೂ ಗೊತ್ತಿದೆ. ಆ ಹೊತ್ತಿಗೆ ಅಳೆಯುವವರು ಬೇರೆ ಯಾರೋ ಇರುತ್ತಾರೆ. ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳು ಈ ಬಾಗಿದ ಪಟ್ಟಿಗೆ ಏನೆಂದು ಹೆಸರಿಡುತ್ತಾರೋ.

"ಮುಂಜಾನಿ ಗುಳಗಿ ಮರತೀದಿ ನೀನು," ಅತ್ತೆ ಅಂದರು.

ನಿಜವಾಗಿಯೂ ಮರೆತಿದ್ದೆ. ಹಬ್ಬದ ಅಡುಗೆಯ ಗಡಿಬಿಡಿ. ಪರ್ಸಿನಲ್ಲಿ ಗುಳಿಗೆಯ ಪಟ್ಟಿ ಇತ್ತು, ಒಂದು ಬಿಡಿಸಿ ಕೊಟ್ಟೆ, ನೀರಿನ ಬಾಟಲಿ ತೆರೆದು ಕೊಟ್ಟೆ. ಕತ್ತೆತ್ತಿ ನುಂಗಿದರು. ನಾನು ಏನೂ ಕೇಳದೆ ಮುಚ್ಚಳ ಹಾಕುತ್ತಿದ್ದೆ. ಅವರು ನನ್ನ ಮೊಣಕೈ ಮುಟ್ಟಿ ಕರೆದು, ಬಾಯಿ ಅಗಲಿಸಿ, ನಾಲಿಗೆ ಎತ್ತಿ, ಕೆಳಗೂ ಏನಿಲ್ಲ ಎಂದು ತೋರಿಸಿದರು.